ಸರ್ಟಿಫಿಕೇಟಿನಾಗ ‘ಎಕ್ಸಲೆಂಟ್’ ಒಂದು, ಕಣ್ಣಿಗೆ ಹಿಡಿಸಿದ್ದು ಇನ್ನೊಂದು: ವಜ್ರದ ಕಟ್ ಆರಿಸೋದು ಹೆಂಗ?

ಇಳಕಲ್ ಸೆರಗು (ಬಾಗಲಕೋಟೆ)
ಉಂಗುರಕ್ಕ ಒಂದು ದುಂಡು ವಜ್ರ ಬೇಕಾಗೈತಿ. ಬೆಳಗಾವಿ ಖಡೇಬಜಾರದಾಗ ಎರಡು ತೆಗೆದು ಇಡಿಸೇವಿ. ಎರಡೂ 50 ಸೆಂಟ್ (0.50, ಅಂದ್ರ ಅರ್ಧ ಕ್ಯಾರೆಟ್), ಜಿ ಬಣ್ಣ (ಹೆಚ್ಚೂ ಕಡಿಮಿ ಬಿಳಿ), ವಿಎಸ್2 (ಒಳಗಿನ ಕಲೆ ಅಗದೀ ಸಣ್ಣವು), ಎರಡಕ್ಕೂ ಜಿಐಎ (ವಜ್ರಕ್ಕ ದರ್ಜೆ ಕೊಡೂ ಅಮೆರಿಕದ ಸಂಸ್ಥೆ) ವರದಿ ಐತಿ. ಕಟ್ ಅಂದ್ರ ಹರಳು ಕಡಿದ ರೀತಿ, ಟೇಬಲ್ ಅಂದ್ರ ಮ್ಯಾಲಿನ ಚಪ್ಪಟಿ ಮುಖ, ಕ್ರೌನ್ ಅಂದ್ರ ಸೊಂಟದ ಮ್ಯಾಲಿನ ಇಳಿಜಾರು, ಪೆವಿಲಿಯನ್ ಅಂದ್ರ ಸೊಂಟದ ಕೆಳಗಿನ ಚೂಪು ಭಾಗ; % ಎಲ್ಲಾ ಅಗಲಕ್ಕ ಹೋಲಿಸಿದ್ದು. ಅಳತಿ ಹಿಂಗ ಅದಾವ:

ಕ: ಕಟ್ ಎಕ್ಸಲೆಂಟ್. ಅಗಲ 5.08 ಎಂಎಂ, ಟೇಬಲ್ 57%, ಕ್ರೌನ್ 35.5°, ಪೆವಿಲಿಯನ್ 41.2°, ಒಟ್ಟು ಆಳ 62.6%.
ಖ: ಕಟ್ ವೆರಿ ಗುಡ್. ಅಗಲ 5.18 ಎಂಎಂ, ಟೇಬಲ್ 63%, ಕ್ರೌನ್ 33°, ಪೆವಿಲಿಯನ್ 41.0°, ಒಟ್ಟು ಆಳ 59.0%.

ಅಂಗಡಿಯವರು ‘ಕ’ ತಗೋರಿ, ಇದಕ್ಕಿಂತ ಮ್ಯಾಲಿನ ದರ್ಜೆನ ಇಲ್ಲ ಅಂತಾರ. ನೋಡಿದವರೆಲ್ಲಾ ‘ಖ’ದ ಕಡೆ ಬೆರಳು ಮಾಡ್ತಾರ. ಅದರ ರೇಟೂ ಕಡಿಮಿ. ಹಂಗಾದ್ರ ದರ್ಜೆ ಯಾತಕ್ಕ ಐತಿ? ತಿಳಿದವರು ಹೇಳ್ರಿ.

ಗೋಕಾಕ ಕರದಂಟು
ಬೆರಳು ನಿಮ್ಮದು, ಕಣ್ಣು ನಿಮ್ಮದು, ರೊಕ್ಕಾನೂ ನಿಮ್ಮದು. ‘ಖ’ ತಗೊಂಡು ಮನಿಗೆ ನಡೀರಿ.

ಹತ್ತರ ಲೂಪು (ಶಹಾಪುರ, ಬೆಳಗಾವಿ)
ಅಷ್ಟು ಸಸಾರ ಇಲ್ರಿ ಕರದಂಟು. ಕಣ್ಣು ಅವರದು ಖರೆ, ಬೆಳಕು ಅಂಗಡಿಯವರದು. ಕೌಂಟರಿನ ಮ್ಯಾಲ ಸಣ್ಣ ಎಲ್‌ಇಡಿ ಸ್ಪಾಟ್ ಸಾಲು ಹಿಡಿದಿರ್ತಾವ. ಅಂಥಾ ಚುಕ್ಕಿ ಬೆಳಕಿನ ಕೆಳಗ ಎಂಥಾ ಹರಳೂ ಬಣ್ಣದ ಕಿಡಿ ಹಾರಿಸ್ತೈತಿ. ಟ್ಯೂಬ್‌ಲೈಟು, ಮೋಡ ಮುಸುಕಿದ ಆಕಾಶ, ಇಂಥಾ ಹರಡಿದ ಬೆಳಕಿನಾಗ ಕಿಡಿ ಅಡಗಿ ಬರೀ ಬಿಳುಪು ಉಳೀತೈತಿ. ಎರಡರಾಗೂ ನೋಡಲಾರದ ಇದು ಚಂದ, ಅದು ಚಂದ ಅಂದ್ರ ಅರ್ಧ ಮಾತು.

ಹಿಂಗ ಮಾಡ್ರಿ. ಎರಡೂ ಹರಳು ಒರೆಸಿಸ್ರಿ, ಬೆರಳಿನ ಜಿಡ್ಡು ಒಂದಿಷ್ಟೂ ಇರಬಾರದು. ಬೂದು ಬಣ್ಣದ ಟ್ರೇನಾಗ ಪಕ್ಕಪಕ್ಕ ಇಟ್ಟು 30 ಸೆಂಟಿಮೀಟರ್ ದೂರದಿಂದ ನೋಡ್ರಿ. ಮೊದಲ ಸ್ಪಾಟಿನ ಕೆಳಗ, ಆಮ್ಯಾಲ ಅಂಗಡಿ ಬಾಗಿಲಿಗೆ ಬಂದು ನೆರಳಿನಾಗ, ಕಡೀಕ ಮೇಜಿನ ಕೆಳಗ ಹಿಡಿದು. ಆ ಮಬ್ಬಿನಾಗೂ ಯಾವುದು ಸಾಯೂದಿಲ್ಲೋ ಅದು ಬೆಳಕು ವಾಪಸ್ ಕೊಡೂ ಹರಳು. ನೇರ ಬಿಸಿಲಿನಾಗ ಹೋಲಿಸಬ್ಯಾಡ್ರಿ. ಬಿಸಿಲಿಗೆ ಕಣ್ಣಪಾಪಿ ಕುಗ್ಗಿರ್ತೈತಿ, ಅಗದೀ ಚಲೋ ಹರಳೂ ಕಪ್ಪಗ ಕಂಡು ನಡುವ ನಾಕು ಕಿಡಿ ಅಷ್ಟ ಹೊಡೀತೈತಿ.

ನಿಯಮ ನೇಮ (ಬೆಳಗಾವಿ)
ನೋಡಿದವರೆಲ್ಲ ‘ಖ’ ಅಂದದ್ದಕ್ಕೆ ಒಂದು ಸರಳ ಕಾರಣ: ಅದು ದೊಡ್ಡದು. 5.18 ಮತ್ತು 5.08ರ ನಡುವೆ ಮೇಲ್ಮೈ ಸುಮಾರು 4% ಹೆಚ್ಚು. ಪಕ್ಕಪಕ್ಕ ಇಟ್ಟಾಗ ಕಣ್ಣು ಮೊದಲು ಹಿಡಿಯುವುದು ಗಾತ್ರವನ್ನೇ, ಅದಕ್ಕೆ ‘ಚಂದ’ ಎಂದು ಹೆಸರಿಡುತ್ತದೆ. ದರ್ಜೆ ಇರುವುದೇ ಇಂಥ ಮೋಸದಿಂದ ಕಾಪಾಡಲಿಕ್ಕೆ. ‘ಕ’ ತೆಗೆದುಕೊಳ್ಳಿ.

ಪೆವಿಲಿಯನ್ 41
ನೇಮ ಅವರೇ, ‘ಕ’ದ ಅಂಕಿಗಳನ್ನು ಒಮ್ಮೆ ಓದಿದ್ದರೆ ಹೀಗೆ ಹೇಳುತ್ತಿರಲಿಲ್ಲ.

ಬೆಲ್ಜಿಯಂನ ಎಂಜಿನಿಯರ್ ಮಾರ್ಸೆಲ್ ಟೋಲ್ಕೋವ್ಸ್ಕಿ ಒಳ್ಳೆಯ ಹೊಳಪಿಗೆಂದು 1919ರಲ್ಲಿ ಲೆಕ್ಕ ಹಾಕಿ ಕೊಟ್ಟದ್ದು ಟೇಬಲ್ 53%, ಕ್ರೌನ್ 34.5°, ಪೆವಿಲಿಯನ್ 40.75°. ಅದೊಂದೇ ಸರಿ ಎಂದೇನಿಲ್ಲ. ಆದರೆ ಈ ಎರಡು ಕೋನ ಒಂದಕ್ಕೊಂದು ಎದುರು ನಡೆಯಬೇಕು: ಕ್ರೌನ್ 1° ಏರಿದರೆ ಪೆವಿಲಿಯನ್ ಸುಮಾರು 0.2° ಇಳಿಯಬೇಕು. ಆ ಲೆಕ್ಕದಲ್ಲಿ 35.5 ಕ್ರೌನಿಗೆ 40.6 ಆಸುಪಾಸಿನ ಪೆವಿಲಿಯನ್ ಬೇಕಿತ್ತು. ‘ಕ’ದಲ್ಲಿ 41.2 ಇದೆ, ಅಂದರೆ ಎರಡೂ ಕಡಿದು (ಇಳಿಜಾರು ಜಾಸ್ತಿ). ಇಂಥ ಹರಳಿನಲ್ಲಿ ಕ್ರೌನ್ ಇಳಿಜಾರಿನಿಂದ ಹೊಕ್ಕ ಬೆಳಕಿನ ಒಂದು ಪಾಲು ಪೆವಿಲಿಯನ್‌ನಲ್ಲಿ ತಿರುಗದೆ ಹಿಂದಿನಿಂದ ಸೋರಿಹೋಗುತ್ತದೆ. ವಜ್ರದ ವಕ್ರೀಭವನಾಂಕ 2.417, ಸಂದಿಗ್ಧ ಕೋನ 24.4°. ಅದಕ್ಕಿಂತ ನೆಟ್ಟಗೆ ಬಡಿದ ಕಿರಣ ಒಳಗೆ ನಿಲ್ಲುವುದಿಲ್ಲ. ಸೋರಿಕೆ ಕಾಣುವುದು ಟೇಬಲ್ ಅಂಚಿನ ಕೆಳಗೆ, ಮಸುಕಾದ ಉಂಗುರವಾಗಿ.

ಈಗ ‘ಖ’ ನೋಡಿ. ಕ್ರೌನ್ 33ಕ್ಕೆ ಬೇಕಾದದ್ದು 41.1ರ ಹತ್ತಿರ, ಇರುವುದು 41.0. ಜೋಡಿ ಸರಿಯಾಗಿದೆ. ದರ್ಜೆ ಇಳಿದದ್ದು ಟೇಬಲ್ 63% ಆದ್ದರಿಂದ. ದೊಡ್ಡ ಟೇಬಲ್, ತೆಳು ಕ್ರೌನ್ ಎಂದರೆ ಬಿಳುಪು ಜಾಸ್ತಿ, ಬಣ್ಣದ ಕಿಡಿ ಕಡಿಮೆ. ಅದು ದೋಷ ಅನ್ನುವುದಕ್ಕಿಂತ ಸ್ವಭಾವ. ನೋಡಿದವರ ಕಣ್ಣು ಬರೀ ಗಾತ್ರಕ್ಕೆ ಮರುಳಾಗಿಲ್ಲ.

ಗೋಕಾಕ ಕರದಂಟು
ನಾ ಎರಡು ಸಾಲಿನಾಗ ಹೇಳಿದ್ದನ್ನ ಇವರು ಅರ್ಧ ಪುಟ ಮಾಡ್ಯಾರ.

ನಿಯಮ ನೇಮ
ಹಾಗಾದರೆ ಜಿಐಎಗೆ ಇದು ಗೊತ್ತಿಲ್ಲವೇ? ಸೋರುವ ಹರಳಿಗೆ ಎಕ್ಸಲೆಂಟ್ ಕೊಟ್ಟು ಕೂತಿದ್ದಾರೆಯೇ?

ಪೆವಿಲಿಯನ್ 41
ಗೊತ್ತಿದೆ. ಅವರ ಎಕ್ಸಲೆಂಟ್ ದೊಡ್ಡ ಅಂಗಳ. ಟೇಬಲ್ 52ರಿಂದ 62, ಕ್ರೌನ್ 31.5ರಿಂದ 36.5, ಪೆವಿಲಿಯನ್ 40.6ರಿಂದ 41.8. ಈ ಮಿತಿಗಳೊಳಗಿನ ಎಲ್ಲ ಜೋಡಿಯೂ ಪಾಸಾಗುವುದಿಲ್ಲ, ಆದರೆ ಪಾಸಾಗುವ ಜೋಡಿಗಳೂ ಬಹಳ. ಫಸ್ಟ್ ಕ್ಲಾಸ್ ಎಂದರೆ 60 ಅಂಕದವನೂ ಹೌದು, 95ರವನೂ ಹೌದು.

ಇನ್ನೊಂದು ವಿಷಯ. ವರದಿಯ ಅಂಕಿಗಳು ಸರಾಸರಿ ತೆಗೆದು ಅಂದಾಜಿಸಿದವು. ಎಂಟು ಮುಖಗಳ ಕೋನ ಅಳೆದು ಸರಾಸರಿ ಮಾಡಿ, ಕ್ರೌನನ್ನು ಹತ್ತಿರದ 0.5ಕ್ಕೆ, ಪೆವಿಲಿಯನನ್ನು ಹತ್ತಿರದ 0.2ಕ್ಕೆ, ಟೇಬಲನ್ನು ಪೂರ್ಣ ಅಂಕಿಗೆ ಹೊಂದಿಸುತ್ತಾರೆ. ‘35.5’ ಅಂದದ್ದು 35.3 ಆಗಿರಬಹುದು, 35.7 ಕೂಡ ಆಗಿರಬಹುದು. ಎಂಟರಲ್ಲಿ ಒಂದು ಮುಖ ಓರೆಯಾಗಿದ್ದರೂ ಸರಾಸರಿಯಲ್ಲಿ ಮುಚ್ಚಿಹೋಗುತ್ತದೆ.

ಹತ್ತರ ಲೂಪು
ಇಳಿಜಾರು ಜಾಸ್ತಿ ಇಟ್ಟು ಯಾಕ ಕಡೀತಾರ ಅಂತ ಯಾರೂ ಕೇಳಲಿಲ್ಲಲ್ಲ. ತೂಕ ಉಳಸಾಕ. ಕಚ್ಚಾ ವಜ್ರ ಎಂಟು ಮುಖದ್ದು ಇದ್ರ ಅದರ ಮುಖ ನಡುಮಟ್ಟಕ್ಕ 54.7° ಓರೆ ಇರ್ತೈತಿ. ಅದನ್ನ 41ಕ್ಕ ಇಳಿಸಬೇಕಂದ್ರ ಹೆಚ್ಚೂ ಕಡಿಮಿ ಅರ್ಧ ಮಾಲು ಪುಡಿ ಆಗ್ತೈತಿ. ಒಂದು ಕೂದಲೆಳಿ ಜಾಸ್ತಿ ಓರೆ ಬಿಟ್ರೂ ಪಾಯಿಂಟ್ (ಸೆಂಟ್) ಉಳೀತಾವ. ಸೂರತ್ತಿನಾಗ ಚಕ್ರದ ಮುಂದ ಕುಂತವನಿಗೆ 0.48 ಆಗೂ ಹರಳು 0.50 ಆದ್ರ ರೇಟಿನ ಪಟ್ಟೀನ ಬದಲಾಗ್ತೈತಿ. ನಿಮ್ಮ ‘ಕ’ ಸರಿಯಾಗಿ 0.50ಕ್ಕ ಬಂದು ನಿಂತೈತಲ್ಲ, ಅದು ಆಕಸ್ಮಿಕ ಅಲ್ಲ ಅಂತೀನಿ.

ಗರ್ಡಲ್ (ಹರಳಿನ ಸೊಂಟದ ಪಟ್ಟಿ) ದಪ್ಪಾನೂ ನೋಡ್ರಿ. ‘ಥಿಕ್’, ‘ವೆರಿ ಥಿಕ್’ ಅಂತಿದ್ರ ತೂಕ ಸೊಂಟದಾಗ ಅಡಗೇತಿ ಅಂತ ಅರ್ಥ, ಮ್ಯಾಲಿಂದ ಕಾಣಾಂಗಿಲ್ಲ. ‘ಎಕ್ಸ್‌ಟ್ರೀಮ್ಲಿ ಥಿನ್’ ಇದ್ರ ಪ್ರಾಂಗ್ (ಹರಳು ಹಿಡಿಯೂ ಕೊಕ್ಕಿ) ಒತ್ತುವಾಗ ಚಿಪ್ಪು ಹಾರ್ತೈತಿ.

ಗುಮ್ಮಟದ ದನಿ (ವಿಜಯಪುರ)
ಇದು ಇವತ್ತಿನ ಜಗಳ ಅಲ್ರಿ. 17ನೇ ಶತಮಾನದಾಗ ಫ್ರೆಂಚ್ ವ್ಯಾಪಾರಿ ತಾವೆರ್ನಿಯೇ ಬಂದಾಗ ನಮ್ಮ ಆದಿಲಶಾಹಿ ಸೀಮ್ಯಾಗಿನ ರಾವಲಕೊಂಡ ಗಣಿ ನೋಡಿ ಬರದಾನ. ವಿಜಯಪುರದಿಂದ ಎಂಟೊಂಬತ್ತು ದಿನದ ಹಾದಿ ಅಂತಾನ. ಅಲ್ಲಿ ಕಡಿಯೂ ಮಂದಿ ಹರಳು ಸ್ವಚ್ಛ ಇದ್ರ ಮ್ಯಾಲ ಕೆಳಗ ಒಂದಿಷ್ಟು ಚಕ್ರಕ್ಕ ಹಿಡಿದು ಬಿಟ್ಟುಬಿಡ್ತಿದ್ರಂತ, ತೂಕ ಹೋಗಬಾರದು ಅಂತ. ಒಳಗ ಕಲೆ ಇದ್ರ ಮಾತ್ರ ತುಂಬಾ ಮುಖ ಕೊರದು ಮುಚ್ಚತಿದ್ರು. ಮುಖ ಜಾಸ್ತಿ ಇದ್ದಷ್ಟು ಗುಮಾನಿ ಜಾಸ್ತಿ!

ಬೆಳಕಿನ ಮಾತೂ ಅದರಾಗ ಅದ. ಯುರೋಪಿನವರು ಕಚ್ಚಾ ಹರಳು ಹಗಲಿನಾಗ ನೋಡಿದ್ರ ಇಲ್ಲಿಯವರು ರಾತ್ರಿ ನೋಡ್ತಿದ್ರು. ಗ್ವಾಡ್ಯಾಗ ಒಂದಡಿ ಚೌಕದ ಗೂಡು, ಅದರಾಗ ದಪ್ಪ ಬತ್ತಿಯ ದೀಪ, ಬೆರಳಿನಾಗ ಹರಳು ಹಿಡಿದು ಅದರ ‘ನೀರು’ (ಶುದ್ಧತೆ, ಹೊಳಪು) ಪರೀಕ್ಷೆ.

ಹಳೇ ರತ್ನಶಾಸ್ತ್ರದ ಉತ್ತಮ ವಜ್ರದ ಲಕ್ಷಣ ಏನು ಗೊತ್ತೇನ್ರಿ? ಆರು ಮೂಲಿ, ಎಂಟು ಮುಖ, ಹನ್ನೆರಡು ಧಾರೆ. ಅಂದ್ರ ಕಡಿಯದ ಹರಳು! ಬಿಂದು, ರೇಖೆ, ಕಾಕಪಾದ (ಕಾಗಿ ಪಾದದಂಥಾ ಗುರುತು) ಇದ್ರ ದೋಷ. ಅದೂ ಒಂದು ಮಾನದಂಡನ ಆಗಿತ್ತು, ಅಗದೀ ಖಡಕ್. ಆ ಲೆಕ್ಕದಾಗ ನಿಮ್ಮ ಕ, ಖ ಎರಡೂ ಫೇಲ್.

ಮೂಗುಬಟ್ಟು (ಬಾಗಲಕೋಟೆ, ನವನಗರ)
ಉಂಗುರದ್ದ ಮಾತು ನಡೆದೈತಿ, ಮೂಗಿಂದು, ಕಿವಿದು ಯಾರೂ ಎತ್ತವಲ್ರಿ. ಏಳು ಹರಳಿನ ಬೆಂಡೋಲಿಗೆ, ಮೂಗುಬಟ್ಟಿಗೆ ಈ 34.5, 40.8 ಎಲ್ಲಾ ನಡೀತೈತೇನು? ನಮ್ಮ ಕಡೆ ಇನ್ನೂ ಹಿಂದ ಮುಚ್ಚಿದ ಕಟ್ಟಡಾನ (ಹರಳು ಕೂಡಿಸೂ ರೀತಿ) ಕೇಳ್ತಾರ.

ಹತ್ತರ ಲೂಪು
ಚಲೋ ಪ್ರಶ್ನೆ. ಪೂರಾ ನಡೆಯೂದಿಲ್ಲ.

ಕೋನದ ಲೆಕ್ಕ ಎಲ್ಲಾ ಹರಳಿನ ಹಿಂದ ಗಾಳಿ ಐತಿ ಅಂತ ಹಿಡಿದು ಮಾಡಿದ್ದು. ಮುಚ್ಚಿದ ಕಟ್ಟಡದಾಗ ಹಿಂದ ಬಂಗಾರದ ಬಟ್ಟಲು, ಕೆಲವಕ್ಕ ಬೆಳ್ಳಿ ಬೇಗಡೆ. ಸೋರಿ ಹೋದ ಬೆಳಕಿನಾಗ ಒಂದಿಷ್ಟು ಬೇಗಡೆಗೆ ಬಡಿದು ತಿರುಗಿ ಬರ್ತೈತಿ. ಅದಕ್ಕ ಆಳ ಕಡಿಮಿ ಇರೂ ಹಳೇ ಹರಳು, ತಳ ಚಪ್ಪಟಿ ಇರೂ ರೋಸ್ ಕಟ್, ಪೋಲ್ಕಿ (ಹೆಚ್ಚು ಕಡಿಯದ ಹರಳು) ಇವೆಲ್ಲಾ ಮುಚ್ಚಿದ ಕಟ್ಟಡದಾಗ ಜೀವ ಹಿಡೀತಾವ, ತೆರೆದ ಕಟ್ಟಡಕ್ಕ ಹಾಕಿದ್ರ ಗಾಜಿನ ಚೂರಿನಂಗ ಕಾಣ್ತಾವ. ಸರಿಯಾಗಿ ಕಡಿದ ದುಂಡು ಹರಳಿಗೆ ಬೇಗಡೆಯಿಂದ ಹೆಚ್ಚಿನ ಲಾಭ ಇಲ್ಲ, ಅದು ತನ್ನಷ್ಟಕ್ಕ ತಾನ ಬೆಳಕು ತಿರುಗಿಸ್ತೈತಿ.

ಎರಡನೇದು, ಸಣ್ಣ ಹರಳು. 5 ಸೆಂಟ್ ಅಂದ್ರ 2.4 ಎಂಎಂ, 1 ಸೆಂಟ್ ಅಂದ್ರ 1.3 ಎಂಎಂ. ಅಷ್ಟರಾಗ 57 ಮುಖ ಕೊರದ್ರ ಒಂದೊಂದು ಹೊಳಪಿನ ಚೂರು ಕಣ್ಣಿಗೆ ಹತ್ತಲಾರದಷ್ಟು ಸಣ್ಣ ಆಗಿ, ಎಲ್ಲಾ ಕೂಡಿ ಬೂದಿ ಬೂದಿ. 1-2 ಸೆಂಟಿನ ಹರಳಿಗೆ 17 ಮುಖದ ಸಿಂಗಲ್ ಕಟ್ ತಗೊಂಡ್ರ ದಪ್ಪ ದಪ್ಪ ಮಿಂಚು ಕಾಣ್ತಾವ. ಇದು ಯಾವ ಸರ್ಟಿಫಿಕೇಟಿನಾಗೂ ಬರೂದಿಲ್ಲ. ಈ ಅಳತಿಗೆ ಸರ್ಟಿಫಿಕೇಟ್ ಬರೋದೂ ಅಪರೂಪ.

ಬೆಂಡೋಲಿಗೆ ಒಂದೊಂದು ಹರಳಿನ ದರ್ಜೆಗಿಂತ ಹದಿನಾಲ್ಕೂ ಒಂದ ಜಾತಿ ಇರೋದು ಮುಖ್ಯ. ಅಗಲದಾಗ 0.1 ಎಂಎಂ ಒಳಗ ಇರಲಿ, ಟೇಬಲ್ ಒಂದ ಅಳತಿ ಕಾಣಲಿ. ಆರು ಎಕ್ಸಲೆಂಟ್ ನಡುವ ಒಂದು ದೊಡ್ಡ ಟೇಬಲ್ ಹರಳು ಕುಂತ್ರ ಅದೊಂದ ತೂತಿನಂಗ ಕಾಣ್ತೈತಿ.

ಕೃಷ್ಣಾ ತೀರ (ಬಾಗಲಕೋಟೆ)
ಮುಚ್ಚಿದ ಕಟ್ಟಡದ ಒಡವಿ ಯಾರೂ ಸೋಪಿನ ನೀರಾಗ ನೆನೆ ಹಾಕಬ್ಯಾಡ್ರಿ. ಸಂದಿನ್ಯಾಗ ನೀರು ಹೊಕ್ರ ಬೇಗಡೆ ಕಪ್ಪ ಆಗ್ತೈತಿ. ಆಮ್ಯಾಲ ಎಷ್ಟು ತಿಕ್ಕಿದ್ರೂ ಹೋಗೂದಿಲ್ಲ, ಹರಳು ಬಿಚ್ಚಿ ಕಟ್ಟಿಸಬೇಕು. ಹಸಿ ಬಟ್ಟೀಲೆ ಮ್ಯಾಲ ಒರೆಸಿದ್ರ ಸಾಕು. ತೆರೆದ ಕಟ್ಟಡದ್ದು ಇದ್ರ ಉಗುರುಬೆಚ್ಚಗಿನ ನೀರು, ಪಾತ್ರಿ ತೊಳೆಯೂ ಲಿಕ್ವಿಡ್ ನಾಕು ಹನಿ, 20 ನಿಮಿಷ ನೆನೆಸಿ ಮೆತ್ತನ್ನ ಬ್ರಶ್ಶಿಲೆ ಹಿಂದಿನಿಂದ ತಿಕ್ಕಬೇಕು. ಹಿಂದಿನಿಂದ ಅಂತ ಮತ್ತ ಹೇಳ್ತೀನಿ. ಮಂದಿ ಮುಂದ ಅಷ್ಟ ತಿಕ್ತಾರ.

ಪೆವಿಲಿಯನ್ 41
ಇದಕ್ಕೆ ಅಂಕಿಯ ಆಧಾರವೂ ಇದೆ. ವಜ್ರಕ್ಕೆ ಜಿಡ್ಡು ಅಂಟುವ ಗುಣ ಎಷ್ಟೆಂದರೆ ಗಣಿಗಳಲ್ಲಿ ಗ್ರೀಸ್ ಬಳಿದ ಪಟ್ಟಿಯ ಮೇಲೆ ಮಣ್ಣು-ಕಲ್ಲು ಹರಿಸಿ ವಜ್ರ ಹಿಡಿಯುತ್ತಿದ್ದರು. ಪೆವಿಲಿಯನ್‌ಗೆ ಕೊಬ್ಬರಿ ಎಣ್ಣೆಯ ಪದರ ಕೂತರೆ 24.4 ಇದ್ದ ಸಂದಿಗ್ಧ ಕೋನ ಸುಮಾರು 37ಕ್ಕೆ ಏರುತ್ತದೆ. ನಿನ್ನೆ ಒಳಗೆ ತಿರುಗುತ್ತಿದ್ದ ಕಿರಣ ಇವತ್ತು ಎಣ್ಣೆಗೆ ಇಳಿದುಹೋಗುತ್ತದೆ. 40.8ಕ್ಕೂ 41.2ಕ್ಕೂ ಇರುವ ವ್ಯತ್ಯಾಸದ ಬಗ್ಗೆ ಹೊಡೆದಾಡುವವರು ವಾರಗಟ್ಟಲೆ ಉಂಗುರ ತೊಳೆಯದಿದ್ದರೆ ಆ ಹೊಡೆದಾಟಕ್ಕೆ ಅರ್ಥವಿಲ್ಲ.

ನಿಯಮ ನೇಮ
ಒಪ್ಪಿದೆ, ಎಣ್ಣೆಯ ವಿಷಯ. ಆದರೆ ಮೂಲ ಮಾತು ಬಿಡುವುದಿಲ್ಲ. ‘ಕಣ್ಣಿಗೆ ಚಂದ’ ಎನ್ನುವುದು ಅಳತೆಯಲ್ಲ. ಇಬ್ಬರು ನೋಡಿದರೆ ಎರಡು ಮಾತು. ಮಾನದಂಡ ಯಾರ ಅಭಿರುಚಿಗೂ ಜೋತುಬಿದ್ದಿಲ್ಲ.

ಪೆವಿಲಿಯನ್ 41
ಜೋತುಬಿದ್ದಿದೆ! ಜಿಐಎ 2006ರಲ್ಲಿ ದುಂಡು ವಜ್ರಕ್ಕೆ ಕಟ್ ದರ್ಜೆ ಕೊಡಲು ಶುರುಮಾಡುವ ಮೊದಲು ಏನು ಮಾಡಿತು? ಕಂಪ್ಯೂಟರಿನಲ್ಲಿ ಕಿರಣಗಳ ಲೆಕ್ಕ ಹಾಕಿತು, ನಿಜ. ಆದರೆ ಆ ಲೆಕ್ಕ ಸರಿಯೋ ತಪ್ಪೋ ಎಂದು ಮನುಷ್ಯರ ಕಣ್ಣಿನಿಂದಲೇ ಪರೀಕ್ಷಿಸಿತು: 2,300ಕ್ಕೂ ಹೆಚ್ಚು ವಜ್ರಗಳು, 70,000ಕ್ಕೂ ಹೆಚ್ಚು ವೀಕ್ಷಣೆಗಳು. ವ್ಯಾಪಾರಿಗಳೂ ಇದ್ದರು, ಗ್ರಾಹಕರೂ ಇದ್ದರು. ಅದರಿಂದ ಹೊರಬಿದ್ದದ್ದೇ ಬೇರೆ ಬೇರೆ ಅಳತೆಯ ಹರಳುಗಳು ಸಮಾನವಾಗಿ ಚಂದ ಕಾಣಬಹುದು ಎಂಬ ಮಾತು. ಅಂಗಳ ದೊಡ್ಡದಾದದ್ದು ಅದಕ್ಕೇ. ನೀವು ಮಾನದಂಡ ಅನ್ನುವುದು ಸಾವಿರಾರು ‘ನನಗೆ ಇದು ಚಂದ’ಗಳ ಮೊತ್ತ, ಅದೂ ಒಂದು ನಿಗದಿತ ಬೆಳಕಿನ ಪೆಟ್ಟಿಗೆಯಲ್ಲಿ.

ಕಿಡಿ, ಬಿಳುಪು, ಮಿನುಗು ಈ ಮೂರರ ಜೊತೆಗೆ ತೂಕದ ಅನುಪಾತ, ಬಾಳಿಕೆ, ಪಾಲಿಶ್, ಸಿಮೆಟ್ರಿ ಸೇರಿ ಏಳು ಅಂಶ. ಒಂದು ಸೋತರೂ ದರ್ಜೆ ಇಳಿಯುತ್ತದೆ. ಹೀಗಾಗಿ ‘ವೆರಿ ಗುಡ್’ ಕಂಡಾಗ ಏಳರಲ್ಲಿ ಯಾವುದು ಸೋತಿದೆ ಎಂದು ಕೇಳಬೇಕು. ಬಾಳಿಕೆ ಸೋತಿದ್ದರೆ ಕೈಬಿಡಿ. ಟೇಬಲ್ ಒಂದಂಗುಲ ಆಚೆ ಹೋಗಿದ್ದರೆ ನಿಮ್ಮ ಕಣ್ಣು ತೀರ್ಮಾನಿಸಲಿ.

ಗೋಕಾಕ ಕರದಂಟು
5 ಎಂಎಂ ಹರಳಿನಾಗ ಟೇಬಲ್ ಒಂದಂಗುಲ ಆಚೆ 😂

ಪೆವಿಲಿಯನ್ 41
ಮಾತಿನ ಭರ ಮಾರಾಯ್ರೇ. ಒಂದು ಪರ್ಸೆಂಟ್.

ಗುಮ್ಮಟದ ದನಿ
ಹಂಗಾದ್ರ ಹಳೇ ಯುರೋಪಿಯನ್ ಕಟ್ (ಹಳೇ ಕಾಲದ ದುಂಡು ಕಡಿತ) ಮಾರೂವಾಗ ‘ಕಟ್ ಸುಮಾರು ಅದ, ಮುರಿದು ಹೊಸದಾಗಿ ಕಡಿಸ್ರಿ’ ಅಂತಾರಲ್ಲ, ಅದು ಖರೇನ?

ಹತ್ತರ ಲೂಪು
ಕಡಿಸಬ್ಯಾಡ್ರಿ. ಆ ಹರಳಿನ ಲೆಕ್ಕಾನ ಬ್ಯಾರೆ. ಟೇಬಲ್ 53% ಒಳಗ, ಕ್ರೌನ್ 40° ಮ್ಯಾಲ, ಕೆಳಗಿನ ಅರೆಮುಖದ (ಪೆವಿಲಿಯನ್ನಿನ ಸಣ್ಣ ಮುಖ) ಉದ್ದ 60% ಒಳಗ, ತುದಿ ಮೊಂಡ ಮಾಡಿದ ಕ್ಯೂಲೆಟ್ ಮೀಡಿಯಂ ಇಲ್ಲಾ ಅದಕ್ಕಿಂತ ದೊಡ್ಡದು. ಈ ನಾಕರಾಗ ಮೂರು ಹೊಂದಿದ್ರ ಜಿಐಎ ಅದನ್ನ ಓಲ್ಡ್ ಯುರೋಪಿಯನ್ ಅಂತ ಬರೀತೈತಿ, ಕಟ್ ದರ್ಜೆ ಕೊಡೂದಿಲ್ಲ. ಕ್ರೌನ್ ಎತ್ತರ ಇರೋದ್ರಿಂದ ದೀಪದ ಬೆಳಕಿನಾಗ ದಪ್ಪ ಬಣ್ಣದ ಕಿಡಿ, ಅರೆಮುಖ ಗಿಡ್ಡ ಇರೋದ್ರಿಂದ ಹೊಳಪಿನ ಚೂರೂ ದೊಡ್ಡವು. ಈಗಿನ ಹರಳಿನಾಗ ಅರೆಮುಖ 75ರಿಂದ 80%, ಅದಕ್ಕ ಚೂರು ಸಣ್ಣ, ಸಂಖ್ಯೆ ಜಾಸ್ತಿ. ಹೊಸದಾಗಿ ಕಡಿಸಿದ್ರ ಅಗಲಾನೂ ಹೋಗ್ತೈತಿ, ತೂಕಾನೂ ಹೋಗ್ತೈತಿ, ಹಳೇ ಮಾಲು ಹುಡುಕೂ ಗಿರಾಕೀನೂ ಹೋಗ್ತಾನ.

ಕ್ಯಾಂಪ್ ರಸ್ತೆ (ಬೆಳಗಾವಿ)
ಇಷ್ಟೆಲ್ಲಾ ಯಾಕ, ಇದ ರೊಕ್ಕದಾಗ ಲ್ಯಾಬ್ ವಜ್ರ (ಪ್ರಯೋಗಾಲಯದಾಗ ಬೆಳೆಸಿದ್ದು) ದೀಡ ಕ್ಯಾರೆಟ್ ಬರ್ತೈತಿ. ಮುಂದ ಮಾರಾಕ ಹೋದ್ರ ಎಷ್ಟು ಸಿಗತೈತಿ ಅಂತ ಮಾತ್ರ ಕೇಳಬ್ಯಾಡ್ರಿ.

ಕೃಷ್ಣಾ ತೀರ
ಬಂತಪ್ಪ ಲ್ಯಾಬ್. ಈ ಎಳೆ ಇನ್ನ ನಾಕು ದಿನ ಮುಗಿಯೂದಿಲ್ಲ.

ನಿರ್ವಾಹಕ
ಲ್ಯಾಬ್ ವಜ್ರದ ಮರುಮಾರಾಟಕ್ಕೆ ಬೇರೆ ಎಳೆ ಇದೆ. ಇಲ್ಲಿ ಕಟ್ ಬಗ್ಗೆ ಮಾತ್ರ.

ಪೆವಿಲಿಯನ್ 41
ಕಟ್ ಬಗ್ಗೆಯೇ ಒಂದು ಮಾತು. ಲ್ಯಾಬ್ ವಜ್ರದ ವಕ್ರೀಭವನಾಂಕವೂ ಅದೇ 2.417, ಕೋನಗಳೂ ಅವೇ. ಆದರೆ ಅಲ್ಲಿ ಕಚ್ಚಾ ಮಾಲು ಅಗ್ಗ, ತೂಕ ಉಳಿಸಲು ಕಡಿದಾಗಿ ಕಡಿಯುವ ಕಾರಣವೇ ಇಲ್ಲ. ಹಾಗಾಗಿ 35.5/41.2ರ ಲ್ಯಾಬ್ ಹರಳು ತೋರಿಸಿದರೆ ಮುಂದಿನದನ್ನು ತೆಗೆಯಿರಿ ಎನ್ನಿ.

ಮೂಗುಬಟ್ಟು
ಓವಲ್ ಈಗ ಫ್ಯಾಶನ್ ಆಗೈತಲ್ಲ. ಅದಕ್ಕ ದರ್ಜೆ ನೋಡಿ ತಗೊಬಹುದೇನು?

ಹತ್ತರ ಲೂಪು
ಜಿಐಎ ವರದ್ಯಾಗ ಓವಲ್‌ಗೆ ಪಾಲಿಶ್, ಸಿಮೆಟ್ರಿ ಅಷ್ಟ ಇರ್ತಾವ, ಕಟ್ ದರ್ಜೆ ಇರೂದಿಲ್ಲ. ‘ಡಬಲ್ ಎಕ್ಸಲೆಂಟ್’ ಅಂತ ಮಾರಿದ್ರ ಅದು ಕೊರೆತದ ನಾಜೂಕಿಗೆ ಕೊಟ್ಟದ್ದು, ಹೊಳಪಿಗಲ್ಲ. ಓವಲ್ ನಡುವ ಕರೀ ಬಿಲ್ಲುಗಂಟು ಕಾಣ್ತೈತಿ, ಅದು ನೋಡುವವರ ತಲಿ ನೆರಳು. ಸ್ವಲ್ಪ ಎಲ್ಲಾದರಾಗೂ ಇರ್ತೈತಿ. ಹರಳನ್ನ ಎಡಕ್ಕ ಬಲಕ್ಕ ವಾಲಿಸ್ರಿ. ಗಂಟು ಮಿನುಗಿ ಮಾಯ ಆದ್ರ ಚಿಂತಿಲ್ಲ, ಎಷ್ಟು ವಾಲಿಸಿದ್ರೂ ಕರ್ರಗ ಕುಂತಿದ್ರ ಬ್ಯಾಡ. ಇಲ್ಲಿ ಕಣ್ಣ ಮಾನದಂಡ.

ನಿಯಮ ನೇಮ
ಎಜಿಎಸ್ ಲ್ಯಾಬ್ (ಜಿಐಎಯಂತೆ ದರ್ಜೆ ಕೊಡುವ ಇನ್ನೊಂದು ಅಮೆರಿಕದ ಸಂಸ್ಥೆ) ಇದ್ದಾಗ ಕೆಲವು ಆಕಾರಗಳಿಗೂ ಬೆಳಕಿನ ದರ್ಜೆ ಕೊಡುತ್ತಿತ್ತು, 0ಯಿಂದ 10ರ ಮಾಪನದಲ್ಲಿ (0 ಎಂದರೆ ಅತ್ಯುತ್ತಮ). 2022ರ ಕೊನೆಗೆ ಅದು ಮುಚ್ಚಿತು. ಮಾನದಂಡ ಇಲ್ಲದಿರುವುದು ಹೆಮ್ಮೆಯ ವಿಷಯವಲ್ಲ, ಕೊರತೆ.

ಇಳಕಲ್ ಸೆರಗು
ಎಲ್ಲಾರಿಗೂ ಶರಣ್ರಿ. ಇವತ್ತ ಮತ್ತ ಹೋಗಿ ಮೇಜಿನ ಕೆಳಗ ಹಿಡಿದು ನೋಡಿದ್ವಿ. ‘ಕ’ದಾಗ ಟೇಬಲ್ ಸುತ್ತ ಮಸುಕು ಉಂಗುರ ಕಾಣ್ತೈತಿ, ‘ಖ’ದಾಗ ಇಲ್ಲ. ಆದ್ರ ಸ್ಪಾಟಿನ ಕೆಳಗ ‘ಕ’ ಬಣ್ಣ ಜಾಸ್ತಿ ಹೊಡೀತೈತಿ. ಸೋರಿಕಿ ತೋರಿಸೂ ಕೆಂಪು ಸ್ಕೋಪ್ ಕೇಳಿದ್ರ ಅಂಗಡ್ಯಾಗ ಇಲ್ಲಂತ.

ಪೆವಿಲಿಯನ್ 41
ಸ್ಕೋಪಿನ ತತ್ತ್ವ ಸರಳ. ಬೆಳಕು ಹಾಯುವ ಕೆಂಪು ಪ್ಲಾಸ್ಟಿಕ್ ಲೋಟದ ತಳಕ್ಕೆ 8-10 ಎಂಎಂ ತೂತು ಕೊರೆದು ಬೋರಲು ಹಾಕಿ. ಕೆಳಗೆ ಮೊಬೈಲ್ ಪರದೆ ಪೂರ್ತಿ ಬಿಳಿ ಮಾಡಿ, ಅದರ ಮೇಲೆ ಹರಳು ಟೇಬಲ್ ಮೇಲ್ಮುಖವಾಗಿ ಇರಲಿ, ಚಿಮ್ಮಟದಲ್ಲಿ ಹಿಡಿದರೆ ಒಳ್ಳೆಯದು. ಲೋಟಕ್ಕೆ ಪಕ್ಕದಿಂದ ದೀಪ ಬಿಡಿ. ತೂತಿನಿಂದ ನೋಡಿದಾಗ ಕೆಂಪಾಗಿ ಕಂಡದ್ದು ತಿರುಗಿ ಬಂದ ಬೆಳಕು, ಬಿಳಿಯಾಗಿ ಕಂಡದ್ದು ಸೋರಿಕೆ, ಕಪ್ಪು ಬಾಣಗಳು ನಿಮ್ಮ ಕಣ್ಣಿನ ನೆರಳು. ಕಪ್ಪು ಇರಬೇಕು, ಮಿನುಗು ಎದ್ದು ಕಾಣುವುದು ಅದರಿಂದಲೇ.

‘ಕ’ ಬಣ್ಣ ಜಾಸ್ತಿ ಹೊಡೆಯುವುದು ಸಹಜ, ಕ್ರೌನ್ ಎತ್ತರ ಇದೆ. ಎರಡೂ ಬೇಕೆಂದರೆ ‘ಗ’ ಹರಳು ಕೇಳಿ: ಕ್ರೌನ್ 34ರಿಂದ 35, ಪೆವಿಲಿಯನ್ 40.6ರಿಂದ 40.8, ಟೇಬಲ್ 55ರಿಂದ 58, ಆಳ 60ರಿಂದ 62, ಗರ್ಡಲ್ ಥಿನ್‌ನಿಂದ ಸ್ಲೈಟ್ಲಿ ಥಿಕ್. 0.50 ಎಂದು ಹಠ ಹಿಡಿಯಬೇಡಿ. 0.47, 0.48ರಲ್ಲಿ ಸರಿಯಾಗಿ ಕಡಿದದ್ದು 5.03-5.06 ಎಂಎಂ ಬರುತ್ತದೆ, ಹೆಚ್ಚು ಕಡಿಮೆ ನಿಮ್ಮ ‘ಕ’ದಷ್ಟೇ ಅಗಲ. ಬೆಲೆಯೂ ಇಳಿಯುತ್ತದೆ.

ನಿಯಮ ನೇಮ
ನೋಡಿದಿರಾ, ಕಡೆಗೆ ಅಂಕಿಗಳನ್ನೇ ಕೊಟ್ಟಿರಿ.

ಪೆವಿಲಿಯನ್ 41
ಅಂಕಿ ಬೇಡ ಎಂದು ಎಲ್ಲಿ ಹೇಳಿದೆ? ಬೇಡ ಎಂದದ್ದು ‘ಎಕ್ಸಲೆಂಟ್’ ಎಂಬ ಒಂದು ಪದ ನೋಡಿ ದುಡ್ಡು ಎಣಿಸುವುದನ್ನು.

ಇಳಕಲ್ ಸೆರಗು
‘ಗ’ ತರಿಸಾಕ ಎಂಟು ದಿನ ಬೇಕಂತ. ಅಷ್ಟರಾಗ ಬರದಿದ್ರ ‘ಖ’ನ ಹಿಡೀತೇವಿ.

ಹತ್ತರ ಲೂಪು
ಹಿಡೀರಿ. ಹಣಾ ಕೊಡೂ ಮೊದಲ ಗರ್ಡಲ್ ಮ್ಯಾಲಿನ ಲೇಸರ್ ನಂಬರು ಲೂಪಿನಾಗ (ಸಣ್ಣ ಭೂತಗನ್ನಡಿ) ಓದಿ, ವರದಿ ನಂಬರಿಗೆ ತಾಳೆ ನೋಡ್ರಿ. ವಿಎಸ್2 ಕಲೆ ಅಂಚಿನಾಗ ಇದ್ರ ಅದರ ಮ್ಯಾಲ ಒಂದು ಪ್ರಾಂಗ್ ಬರೋ ಹಂಗ ಕೂಡಿಸ್ರಿ ಅಂತ ಕಟ್ಟುವವರಿಗೆ ಮೊದಲ ಹೇಳ್ರಿ. ಕಲೆ ಬಿರುಕಿನಂಥಾದ್ದಿದ್ರ ಮಾತ್ರ ಅಲ್ಲಿ ಒತ್ತಬ್ಯಾಡ್ರಿ ಅನ್ರಿ.

ಗೋಕಾಕ ಕರದಂಟು
ಮತ್ತ ಬಿಲ್ಲಿನಾಗ ವರದಿ ನಂಬರ್ ಬರೆಸ್ಕೋರಿ. ಕುಂದಾ ಯಾವಾಗ ಹಂಚ್ತೀರಿ?